ಗೆದ್ದ ಕಪ್‌ಗಳ ಲೆಕ್ಕದ ಜೊತೆಗೆ ಮೈದಾನಕ್ಕಿಳಿದ ಹುಡುಗರ ಲೆಕ್ಕವೂ ಬರಲಿ

ಮಾನ್ಯ ಸಂಪಾದಕರೇ,

ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಪುಟಗಳಲ್ಲಿ ಶಾಲಾ ವಾರ್ಷಿಕೋತ್ಸವದ ಸುದ್ದಿ ದಿನವೂ ಇರುತ್ತದೆ. ಬಾಲಕರ ಪ್ರೌಢಶಾಲೆಗಳ ಸುದ್ದಿಯನ್ನು ನಾವು ಹುಡುಕಿಕೊಂಡು ಓದುತ್ತೇವೆ. ಉದ್ಘಾಟಕರ ಹೆಸರು, ಅಧ್ಯಕ್ಷತೆ ವಹಿಸಿದವರ ಹೆಸರು, ಕಪ್ ಹಿಡಿದ ಇಬ್ಬರು ಹುಡುಗರ ಫೋಟೊ, ಅಲ್ಲಿಗೆ ಸುದ್ದಿ ಮುಗಿಯುತ್ತದೆ. ಜೂನ್‌ನಿಂದ ಆ ಶಾಲೆಯ ಹುಡುಗರು ಏನೇನು ಆಡಿದರು, ಎಷ್ಟು ಮಂದಿ ಆಡಿದರು, ಗೆರೆ ಎಳೆದವರು ಯಾರು, ಸೀಟಿ ಊದಿದವರು ಯಾರು ಎಂಬುದು ಸಿಗುವುದಿಲ್ಲ. ಇದು ಪತ್ರಿಕೆಯ ಲೋಪವಲ್ಲ. ಶಾಲೆಯ ವಾರ್ಷಿಕ ವರದಿಯಲ್ಲೇ ಅದು ಇರುವುದಿಲ್ಲ.

ದೈಹಿಕ ಶಿಕ್ಷಣ ಶಿಕ್ಷಕರಾಗಿ ನಾವು ಹೇಳಬೇಕೆಂದಿರುವುದು ಇಷ್ಟು. ಬಾಲಕರ ಶಾಲೆಯ ಒಂದು ವರ್ಷ ಸಂಭ್ರಮಕ್ಕೆ ತಕ್ಕದ್ದೇ ಎಂದು ತಿಳಿಯಬೇಕಾದರೆ ತಾಲ್ಲೂಕು ಮಟ್ಟದಲ್ಲಿ ಗೆದ್ದ ಕಪ್ಪುಗಳನ್ನು ಎಣಿಸಿದರೆ ಸಾಲದು. ತನ್ನ ತಂಡಕ್ಕೆ ಒಂದಾದರೂ ಅಂಕ ತಂದುಕೊಟ್ಟ ಹುಡುಗರು ಎಷ್ಟು ಎಂದು ಎಣಿಸಬೇಕು. ಹುಡುಗರಲ್ಲಿ ಒಗ್ಗಟ್ಟು ಬರಲಿ ಎಂದು ಭಾಷಣ ಮಾಡಿದರೆ ಅದು ಬರುವುದಿಲ್ಲ. ತಂಡ ಹಂಚುವ ರೀತಿ, ಅಂಕ ಕೊಡುವ ರೀತಿ, ಕೆಲಸ ಹಚ್ಚುವ ರೀತಿ ಸರಿಯಿದ್ದರೆ ಬರುತ್ತದೆ. ದೊಡ್ಡ ಖರ್ಚಿಲ್ಲದೆ ಯಾವ ಶಾಲೆಯಾದರೂ ಇದನ್ನು ಮಾಡಬಹುದು. ಹೇಗೆ ಎಂಬುದನ್ನು ವಿವರವಾಗಿಯೇ ಬರೆಯುತ್ತಿದ್ದೇವೆ.

ಮೊದಲು ಹೌಸ್ ಹಂಚಿಕೆ, ಅಂದರೆ ಶಾಲೆಯ ಹುಡುಗರನ್ನೆಲ್ಲ ಸ್ಪರ್ಧೆಗಾಗಿ ತಂಡಗಳಾಗಿ ವಿಂಗಡಿಸುವುದು. ಎಂಟರಿಂದ ಹತ್ತನೇ ತರಗತಿವರೆಗೆ 300 ಹುಡುಗರಿದ್ದಾರೆ ಎಂದಿಟ್ಟುಕೊಳ್ಳಿ. ನಾಲ್ಕು ಹೌಸ್ ಮಾಡಿದರೆ ತಲಾ 75. ಹೆಸರಿಗೆ ಚಂದ್ರವಳ್ಳಿ, ಜೋಗಿಮಟ್ಟಿ, ವೇದಾವತಿ, ತುಂಗಭದ್ರಾ ಎಂದಿಟ್ಟರೆ ಹುಡುಗರಿಗೆ ತಮ್ಮದೆನಿಸುತ್ತದೆ. ಬಹಳ ಕಡೆ ಸೆಕ್ಷನ್ ಪ್ರಕಾರ ಹಂಚುತ್ತಾರೆ, ಇಲ್ಲವೇ ಹುಡುಗರ ಇಷ್ಟಕ್ಕೇ ಬಿಡುತ್ತಾರೆ. ಹಾಗೆ ಬಿಟ್ಟಲ್ಲಿ ಹಾಸ್ಟೆಲ್ ಹುಡುಗರೆಲ್ಲ ಒಂದು ಕಡೆ, ಪೇಟೆಯವರು ಇನ್ನೊಂದು ಕಡೆ, ಒಂದೇ ಬಸ್ಸಿಗೆ ಬರುವ ಊರಿನವರು ಮತ್ತೊಂದು ಕಡೆ ಸೇರಿಕೊಳ್ಳುತ್ತಾರೆ. ಕೇರಿಯಲ್ಲಿದ್ದ ಗುಂಪುಗಳೇ ಮೈದಾನಕ್ಕೂ ಬರುತ್ತವೆ. ಅದರ ಬದಲು ಜೂನ್ ಎರಡನೇ ವಾರದಲ್ಲಿ ಎಲ್ಲರ ಎತ್ತರ, ತೂಕ, 50 ಮೀಟರ್ ಓಟದ ಸಮಯ ಬರೆದುಕೊಳ್ಳಬೇಕು. ತರಗತಿವಾರು ಸಮಯದ ಪ್ರಕಾರ ಪಟ್ಟಿ ಮಾಡಿ ಮೊದಲ ನಾಲ್ವರನ್ನು 1, 2, 3, 4 ಎಂದು ಹಂಚಿದರೆ ಮುಂದಿನ ನಾಲ್ವರನ್ನು 4, 3, 2, 1 ಎಂದು ಹಂಚಬೇಕು. ಪ್ರತಿ ಸಲವೂ ಒಂದರಿಂದಲೇ ಶುರು ಮಾಡಿದರೆ ಪ್ರತಿ ಸುತ್ತಿನ ಚುರುಕು ಹುಡುಗ ಮೊದಲ ಹೌಸ್‌ಗೇ ಹೋಗುತ್ತಾನೆ, ವರ್ಷವಿಡೀ ಅದೇ ಗೆಲ್ಲುತ್ತದೆ. ಪಟ್ಟಿ ಆದ ಮೇಲೆ ಒಂದೇ ಊರಿನವರು, ಒಂದೇ ಹಾಸ್ಟೆಲಿನವರು ಒಂದೆಡೆ ಜಮಾಯಿಸಿದ್ದರೆ ಅದೇ ಸಮಯದ ಬೇರೆ ಹುಡುಗರೊಂದಿಗೆ ಅದಲುಬದಲು ಮಾಡಿದರಾಯಿತು. ಒಮ್ಮೆ ಬಿದ್ದ ಹೌಸ್ ಮೂರು ವರ್ಷವೂ ಅದೇ ಇರಬೇಕು.

ಇನ್ನು ಅಂಕ. ಮೊದಲ ಸ್ಥಾನಕ್ಕೆ 5, ಎರಡನೆಯದಕ್ಕೆ 3, ಮೂರನೆಯದಕ್ಕೆ 1 ಎಂಬ ಹಳೆಯ ಪದ್ಧತಿ ಮಾತ್ರ ಇದ್ದರೆ ಹದಿನೈದಿಪ್ಪತ್ತು ಹುಡುಗರೇ ಎಲ್ಲ ಅಂಕ ಹೊತ್ತು ತರುತ್ತಾರೆ. ಉಳಿದವರು ಕೂಗುವುದಕ್ಕೆ ಮಾತ್ರ. ಇದರ ಪಕ್ಕದಲ್ಲಿ ಮಟ್ಟದ ಅಂಕ ಇಡಬೇಕು. ಉದ್ದ ಜಿಗಿತದಲ್ಲಿ ಎಂಟನೇ ತರಗತಿಯವನು 3 ಮೀಟರ್, ಒಂಬತ್ತನೆಯವನು 3.40, ಹತ್ತನೆಯವನು 3.80 ದಾಟಿದರೆ ಅವನ ಹೌಸ್‌ಗೆ 1 ಅಂಕ. ಗುಂಡು ಎಸೆತ, 80 ಮೀಟರ್ ಓಟ, 800 ಮೀಟರ್ ಓಟಕ್ಕೂ ಹೀಗೇ. ನಾವು ಕೊಟ್ಟ ಅಳತೆಗಳು ಶುರುವಿಗೆ ಮಾತ್ರ. ನಿಮ್ಮ ಶಾಲೆಯ ಮೊದಲ ಅಳತೆ ನೋಡಿ, ಒಂದು ತಿಂಗಳ ಅಭ್ಯಾಸದ ನಂತರ ಮೂವರಲ್ಲಿ ಇಬ್ಬರು ದಾಟುವಂತೆ ಗುರುತು ಹಾಕಿಕೊಳ್ಳಿ. ತೀರಾ ಸುಲಭವಾದರೆ ಯಾರೂ ಅಭ್ಯಾಸ ಮಾಡುವುದಿಲ್ಲ, ತೀರಾ ಕಷ್ಟವಾದರೆ ಮೊದಲ ದಿನವೇ ಕೈಚೆಲ್ಲುತ್ತಾರೆ. ಒಬ್ಬನಿಗೆ ವರ್ಷಕ್ಕೆ ಗರಿಷ್ಠ 4 ಮಟ್ಟದ ಅಂಕ ಎಂಬ ಮಿತಿ ಇರಲೇಬೇಕು. ಕಾಲಿಗೆ ತೊಂದರೆ ಇರುವ ಹುಡುಗನಿಗೆ ಕುರ್ಚಿಯಲ್ಲಿ ಕೂತು ಗುಂಡು ಎಸೆಯುವ ಮಟ್ಟವೊಂದನ್ನು ಬೇರೆ ಇಡಬೇಕು. ಅವನನ್ನು ಸ್ಕೋರ್ ಬರೆಯಲು ಮಾತ್ರ ಕೂರಿಸುವುದು ನ್ಯಾಯವಲ್ಲ.

ಈ ಒಂದು ಬದಲಾವಣೆ ಏನು ಮಾಡುತ್ತದೆ ನೋಡಿ. ಹೌಸ್ ಕ್ಯಾಪ್ಟನ್‌ಗೆ ತಾನೊಬ್ಬ 5 ಮೀಟರ್ ಹಾರಿದರೆ ಸಾಲದು ಎಂದು ಬೇಗ ಗೊತ್ತಾಗುತ್ತದೆ. 2.80ಕ್ಕೆ ನಿಲ್ಲುವ ಎಂಟನೇ ತರಗತಿಯ ಹುಡುಗನ ಹತ್ತಿರ ಹೋಗಿ ನಿಲ್ಲುತ್ತಾನೆ. ಆ ಹುಡುಗನ ಕಾಲಲ್ಲಿ ಬಲವಿಲ್ಲವೆಂದಲ್ಲ. ಕಾಲೂರಿ ಹಾರಬೇಕಾದ ಹಲಗೆ ಎಲ್ಲಿದೆ ಎಂದು ತಲೆ ತಗ್ಗಿಸಿ ನೋಡುತ್ತ ಓಡುತ್ತಾನೆ, ಕೊನೆಯ ನಾಲ್ಕು ಹೆಜ್ಜೆ ಮೋಟಾಗುತ್ತವೆ, ಹಲಗೆಗಿಂತ ಒಂದಡಿ ಹಿಂದೆಯೇ ಹಾರುತ್ತಾನೆ. ಪ್ರೌಢಶಾಲೆಯ ಹುಡುಗರಲ್ಲಿ ಕಾಣುವ ಅತಿ ಸಾಮಾನ್ಯ ತಪ್ಪು ಇದು. ಪರಿಹಾರವೂ ಸರಳ. ಹಲಗೆಯ ಮೇಲೆ ಹಿಮ್ಮಡಿ ಇಟ್ಟು, ಮರಳಿನ ಗುಂಡಿಗೆ ಬೆನ್ನು ಮಾಡಿ, ರನ್‌ವೇಯ ಮೇಲೆ ಹಿಂದಕ್ಕೆ ಪೂರ್ತಿ ವೇಗದಲ್ಲಿ 11 ಹೆಜ್ಜೆ ಓಡಿಸಬೇಕು. ಹನ್ನೊಂದನೇ ಹೆಜ್ಜೆ ಬಿದ್ದ ಕಡೆ ಒಬ್ಬ ಗುರುತು ಹಾಕಬೇಕು. ಐದಾರು ಸಲ ಓಡಿಸಿ, ಗುರುತುಗಳು ಹೆಚ್ಚು ಬಿದ್ದ ಜಾಗವನ್ನೇ ಅವನ ಶುರುವಿನ ಜಾಗ ಮಾಡಿದರೆ ಕಣ್ಣು ಮುಂದಿಟ್ಟು ಓಡುತ್ತಾನೆ. ಒಂದಡಿ ಉಳಿಯಿತೆಂದರೆ 2.80 ಇದ್ದದ್ದು 3 ಮೀಟರ್ ದಾಟಿತು. ಹಿರಿಯ ಹುಡುಗ ಕಿರಿಯವನ ಜೊತೆ ಸಂಜೆ ಅರ್ಧ ಗಂಟೆ ಗುಂಡಿಯ ಹತ್ತಿರ ನಿಲ್ಲುವಂತಾದರೆ ಆ ಶಾಲೆಯಲ್ಲಿ ರೇಗಿಸುವುದು, ಹೆದರಿಸುವುದು ತಾನಾಗಿ ಇಳಿಯುತ್ತದೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ನಮ್ಮ ಸೀಮೆಯ ಮನೆಮನೆಯ ಮಾತು. ಮಟ್ಟದ ಅಂಕದ ತಿರುಳೂ ಅದೇ.

ಮೈದಾನದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕಿದೆ, ಏಕೆಂದರೆ ಅರ್ಧ ಜಗಳ ಹುಟ್ಟುವುದು ತಪ್ಪು ಗೆರೆಯಿಂದ. ನಾಲ್ಕು ಲೇನಿನ 200 ಮೀಟರ್ ಟ್ರ್ಯಾಕ್‌ಗೆ ಸುಮಾರು 95 ಮೀಟರ್ ಉದ್ದ, 45 ಮೀಟರ್ ಅಗಲದ ಜಾಗ ಸಾಕು. ನೇರ ಭಾಗ ತಲಾ 50 ಮೀಟರ್ ಇಟ್ಟರೆ ಎರಡು ತಿರುವುಗಳಿಗೆ ಉಳಿಯುವುದು 100 ಮೀಟರ್. ಅದಕ್ಕೆ ಬೇಕಾದ ತ್ರಿಜ್ಯ 15.92 ಮೀಟರ್. ಆದರೆ ಓಟದ ದೂರವನ್ನು ಒಳಗಿನ ಗೆರೆಯಿಂದ 20 ಸೆಂ.ಮೀ. ಹೊರಗೆ ಅಳೆಯುವ ಕಾರಣ ಒಳಗೆರೆಯನ್ನು 15.72 ಮೀಟರ್ ತ್ರಿಜ್ಯದಲ್ಲಿ ಎಳೆಯಬೇಕು. ಮೊದಲು 50 ಮೀಟರ್‌ಗೆ 31.44 ಮೀಟರ್ ಆಯತ ಹಾಕಿ, ನಾಲ್ಕು ಮೂಲೆಗೂ ಗೂಟ ಹೊಡೆದು, ಎರಡೂ ಕರ್ಣ ಅಳೆಯಿರಿ. ಎರಡೂ 59.06 ಮೀಟರ್ ಬಂದರೆ ಆಯತ ಸರಿ. ಒಂದು ಹೆಚ್ಚು ಒಂದು ಕಡಿಮೆ ಬಂದರೆ ಮೂಲೆ ವಾರೆಯಾಗಿದೆ, ಮುಂದಿನದೆಲ್ಲ ತಪ್ಪುತ್ತದೆ. ಬಟ್ಟೆಯ ಟೇಪು, ನೈಲಾನ್ ಹಗ್ಗ ಎರಡೂ ಎಳೆದರೆ ಹಿಗ್ಗುತ್ತವೆ. ಉಕ್ಕಿನ ಟೇಪು ತೆಗೆದುಕೊಳ್ಳಿ, ತಿರುವು ಎಳೆಯಲು ತೆಳು ಕಬ್ಬಿಣದ ತಂತಿ ಬಳಸಿ. ಈ ಕೆಲಸಕ್ಕೆ ಗಣಿತದ ಮೇಷ್ಟ್ರನ್ನೂ ಹತ್ತನೇ ತರಗತಿಯವರನ್ನೂ ಕರೆಯಿರಿ. ಪೈಥಾಗೊರಸ್ ಪ್ರಮೇಯ ಬೋರ್ಡಿಗಿಂತ ಅಲ್ಲಿ ಚೆನ್ನಾಗಿ ತಲೆಗೆ ಹೋಗುತ್ತದೆ.

ಲೇನಿನ ಅಗಲ 1.22 ಮೀಟರ್. ಹೊರಗಿನ ಲೇನಿನ ಸುತ್ತು ಹೆಚ್ಚು ಉದ್ದವಾದ್ದರಿಂದ ಒಂದು ಸುತ್ತಿನ ಓಟಕ್ಕೆ ಎರಡನೇ ಲೇನಿನವನು ಮೊದಲನೆಯವನಿಗಿಂತ 7.67 ಮೀಟರ್ ಮುಂದೆ ನಿಲ್ಲಬೇಕು. ಮೂರನೆಯವನು 15.34, ನಾಲ್ಕನೆಯವನು 23.01. ಇಲ್ಲೇ ಪದೇ ಪದೇ ಎಡವಟ್ಟಾಗುತ್ತದೆ. ಈ ಟ್ರ್ಯಾಕ್‌ನಲ್ಲಿ 4×100 ರಿಲೇ ಎಂದರೆ ಎರಡು ಸುತ್ತು. ಕೊನೆಯವರೆಗೂ ಲೇನಿನಲ್ಲೇ ಓಡಿಸುವುದಾದರೆ ಈ ಅಂತರಗಳನ್ನು ಇಮ್ಮಡಿ ಮಾಡಬೇಕು. ಒಂದು ಸುತ್ತಿನ ಗುರುತಿನಲ್ಲೇ ನಿಲ್ಲಿಸಿ ಓಡಿಸಿದರೆ ನಾಲ್ಕನೇ ಲೇನಿನ ತಂಡ 23 ಮೀಟರ್ ಹೆಚ್ಚು ಓಡುತ್ತದೆ. ಸೋತ ಹುಡುಗರಿಗೆ ಮೋಸವಾಯಿತೆಂದು ಅನ್ನಿಸುತ್ತದೆ. ಅವರ ಅನಿಸಿಕೆ ನಿಜವೇ ಆಗಿರುತ್ತದೆ.

ರಿಲೇ ಬೇಟನ್‌ಗೆ ದುಡ್ಡು ಹಾಕಬೇಕಾಗಿಲ್ಲ. ನಿಯಮದ ಪ್ರಕಾರ ಉದ್ದ 28ರಿಂದ 30 ಸೆಂ.ಮೀ., ಸುತ್ತಳತೆ 12ರಿಂದ 13 ಸೆಂ.ಮೀ. ಹೊರವ್ಯಾಸ 40 ಮಿ.ಮೀ. ಇರುವ ಪಿವಿಸಿ ಪೈಪನ್ನು 29 ಸೆಂ.ಮೀ.ಗೆ ಕೊಯ್ದು, ಅಂಚನ್ನು ಮರಳು ಕಾಗದದಲ್ಲಿ ಉಜ್ಜಿ, ಬಣ್ಣ ಹಚ್ಚಿದರೆ ಮುಗಿಯಿತು. ಮೊದಲನೆಯವನು ಬಲಗೈ, ಎರಡನೆಯವನು ಎಡಗೈ, ಮೂರನೆಯವನು ಬಲಗೈ, ಕೊನೆಯವನು ಎಡಗೈ. ಹೀಗೆ ಹಿಡಿದರೆ ಓಡುತ್ತ ಕೈ ಬದಲಿಸುವುದು ತಪ್ಪುತ್ತದೆ, ಬೇಟನ್ ಬೀಳುವುದೇ ಆ ಗಳಿಗೆಯಲ್ಲಿ.

100 ಮೀಟರ್ ಓಟದ ಬಗ್ಗೆ ಒಂದು ಎಚ್ಚರಿಕೆ. ಅಂತಿಮ ಗೆರೆಯಾಚೆ ಕನಿಷ್ಠ 15 ಮೀಟರ್ ಖಾಲಿ ಜಾಗ ಇರಬೇಕು. ಗೆರೆಯ ಬೆನ್ನಿಗೇ ಕಾಂಪೌಂಡ್ ಗೋಡೆ ಇರುವ ಮೈದಾನಗಳಲ್ಲಿ ಹುಡುಗರು ಗೋಡೆಗೆ ಕೈ ಕೊಟ್ಟು ನಿಲ್ಲುತ್ತಾರೆ, ಮಣಿಕಟ್ಟು ಮುರಿಯುವುದು ಹಾಗೆ. ಜಾಗ ಸಾಲದಿದ್ದರೆ 80 ಅಥವಾ 60 ಮೀಟರ್ ಓಡಿಸಿ, ಯಾರೂ ಕೇಳುವುದಿಲ್ಲ.

ಗೆರೆಗೆ ಸುಟ್ಟ ಸುಣ್ಣದ ಪುಡಿ ಬೇಡ. ಬೆವರು, ನೀರು ತಾಗಿದರೆ ಚರ್ಮ ಸುಡುತ್ತದೆ, ಕಬಡ್ಡಿಯಲ್ಲಿ ಬಿದ್ದವನ ಕಣ್ಣಿಗೆ ಹೋದರೆ ಅಪಾಯ. ರಂಗೋಲಿ ಪುಡಿ ಸಾಕು. ಮಣ್ಣಿನ ವಿಚಾರದಲ್ಲಿ, 1997ರವರೆಗೆ ಒಂದೇ ಜಿಲ್ಲೆಯಾಗಿದ್ದ ಈ ಸೀಮೆಯಲ್ಲೇ ಎರಡು ಬಗೆ. ದಾವಣಗೆರೆ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಕಾಲಿಗೆ ಅಂಟುತ್ತದೆ, ಡಿಸೆಂಬರ್ ಹೊತ್ತಿಗೆ ಬಿರುಕು ಬಿಟ್ಟು ಪಾದ ಸಿಕ್ಕಿ ಕಣಕಾಲು ಉಳುಕುತ್ತದೆ. ಟ್ರ್ಯಾಕ್ ಇರುವಷ್ಟು ಜಾಗಕ್ಕಾದರೂ ನಾಲ್ಕಿಂಚು ಕೆಂಪು ಗರಸು ಹಾಕಿಸಿ, ನೀರು ಹೊಡೆದು ರೋಲರ್ ಓಡಿಸಬೇಕು. ಚಿತ್ರದುರ್ಗದ ಕಡೆ ಪ್ರತಿ ಮಳೆಯ ನಂತರ ಬೆಣಚುಕಲ್ಲು ಮೇಲೇಳುತ್ತವೆ. ಇಡೀ ಹೌಸ್‌ನ ಹುಡುಗರನ್ನು ಒಂದು ಮಾರು ಅಂತರದಲ್ಲಿ ಸಾಲಾಗಿ ನಿಲ್ಲಿಸಿ, ಬಕೆಟ್ ಹಿಡಿಸಿ, ಮೈದಾನದ ಈ ತುದಿಯಿಂದ ಆ ತುದಿಗೆ ನಡೆಸಿದರೆ ಒಂದು ಪಿರಿಯಡ್‌ನಲ್ಲಿ ಮೈದಾನ ಚೊಕ್ಕಟವಾಗುತ್ತದೆ. ಗಾಳಿಯೂ ಇಲ್ಲಿ ಜೋರು. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಬೀಸುವುದರಿಂದ ಜಿಗಿತದ ಗುಂಡಿಯನ್ನು ಉತ್ತರ ದಕ್ಷಿಣವಾಗಿ ತೋಡಿ. ಗಾಳಿ ಬೆನ್ನಿಗೂ ಬಡಿಯುವುದಿಲ್ಲ, ಎದೆಗೂ ಬಡಿಯುವುದಿಲ್ಲ, ಸಂಜೆಯ ಬಿಸಿಲು ಕಣ್ಣಿಗೂ ಬೀಳುವುದಿಲ್ಲ.

ಕಬಡ್ಡಿಯನ್ನು ತರಗತಿವಾರು ಆಡಿಸುವುದು ನಿಲ್ಲಬೇಕು. ಒಂಬತ್ತನೇ ತರಗತಿಯಲ್ಲೇ 34 ಕೆ.ಜಿ. ಹುಡುಗನೂ ಇರುತ್ತಾನೆ, 60 ಕೆ.ಜಿ. ಹುಡುಗನೂ ಇರುತ್ತಾನೆ. 40 ಕೆ.ಜಿ. ಒಳಗೆ, 40ರಿಂದ 50, 50ಕ್ಕೆ ಮೇಲೆ ಎಂದು ಮೂರು ಗುಂಪು ಮಾಡಿದರೆ ಸಣ್ಣ ಮೈಯವನೂ ಧೈರ್ಯವಾಗಿ ರೈಡ್‌ಗೆ ಹೋಗುತ್ತಾನೆ. ಮಣ್ಣಿನ ಅಂಕಣವನ್ನು ಆರಿಂಚು ಅಗೆದು, ಜರಡಿ ಹಿಡಿದು ಮಟ್ಟ ಮಾಡಿ. ಪಂದ್ಯಕ್ಕೆ ಮುಂಚೆ ಎಲ್ಲರ ಉಗುರು ನೋಡಿ. ಖೊ-ಖೊಗೆ ಬಾಲಕರ ಶಾಲೆಗಳಲ್ಲಿ ಈಗ ಹೊಸ ಹುರುಪು ಬಂದಿದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ವಿಶ್ವಕಪ್‌ನಲ್ಲಿ ಭಾರತದ ಪುರುಷರೂ ಮಹಿಳೆಯರೂ ಗೆದ್ದದ್ದನ್ನು ಹುಡುಗರು ನೋಡಿದ್ದಾರೆ. ಕಂಬಗಳನ್ನು ಎರಡಡಿ ಆಳಕ್ಕೆ ಹೂಳಿ, ನಯವಾಗಿ ಉಜ್ಜಿಸಿ. ಕಂಬಕ್ಕೆ ಹಾರಿ ಹಿಡಿಯುವ ಹುಡುಗನಿಗೆ ಒಂದು ಮೊಳೆಯ ತಲೆ ಸಾಕು ಎದೆ ಗೀರಲು.

ಹಗ್ಗಜಗ್ಗಾಟ ಎಲ್ಲರನ್ನೂ ಒಟ್ಟುಗೂಡಿಸುವ ಆಟ, ಹಾಗೆಯೇ ಅತಿ ಅಜಾಗರೂಕತೆಯಿಂದ ಆಡಿಸುವ ಆಟವೂ ಹೌದು. ಒಂದು ಕಡೆಗೆ ಎಂಟು ಮಂದಿ, ಒಟ್ಟು ತೂಕ ಎರಡೂ ಕಡೆ ಹತ್ತಿರ ಹತ್ತಿರ ಇರಲಿ. ಹಗ್ಗ ನೈಲಾನಿನದಾಗಿರಬಾರದು. ಹಿಗ್ಗಿ ಕಿತ್ತರೆ ಚಾಟಿಯೇಟಿನಂತೆ ತಿರುಗಿ ಬಡಿಯುತ್ತದೆ. ಮನಿಲಾ ಹಗ್ಗ, ಸುತ್ತಳತೆ 10ರಿಂದ 12.5 ಸೆಂ.ಮೀ., ಉದ್ದ 33.5 ಮೀಟರ್‌ಗೆ ಕಡಿಮೆಯಿಲ್ಲದಂತೆ. ನಡುವೆ ಕೆಂಪು ಪಟ್ಟಿ, ಅಲ್ಲಿಂದ ಎರಡೂ ಕಡೆ 4 ಮೀಟರ್‌ಗೆ ಬಿಳಿ ಪಟ್ಟಿ. ಯಾರೂ ಮುಂಗೈಗೆ ಹಗ್ಗ ಸುತ್ತಿಕೊಳ್ಳಬಾರದು, ಗಂಟು ಹಾಕಬಾರದು. ಸೋಲುತ್ತಿರುವವರು ಒಮ್ಮೆಲೇ ಕೈ ಬಿಡಬಾರದು ಎಂದು ಮೊದಲೇ ಹೇಳಿ, ಏಕೆಂದರೆ ಬಿಟ್ಟವರಿಗಲ್ಲ, ಬೆನ್ನಡಿಯಾಗಿ ಬೀಳುವ ಎದುರಿನವರಿಗೆ ಏಟಾಗುತ್ತದೆ.

ಕ್ರಿಕೆಟ್ ಬೇಡವೆಂದು ನಾವು ಹೇಳುವುದಿಲ್ಲ. 2013–14, 2014–15ರಲ್ಲಿ ಸತತವಾಗಿ ಕರ್ನಾಟಕಕ್ಕೆ ರಣಜಿ ಗೆದ್ದುಕೊಟ್ಟ ನಾಯಕ ಆರ್. ವಿನಯ್ ಕುಮಾರ್ ದಾವಣಗೆರೆಯವರೇ ಆಗಿರುವಾಗ ಹುಡುಗರನ್ನು ಬ್ಯಾಟಿನಿಂದ ದೂರವಿಡಲು ಆಗುವುದೂ ಇಲ್ಲ. ಆದರೆ ಸಾಮಾನ್ಯ ಪಂದ್ಯದಲ್ಲಿ ಕೊನೆಯ ನಾಲ್ವರಿಗೆ ಬ್ಯಾಟೂ ಸಿಗದು, ಚೆಂಡೂ ಸಿಗದು. ಜೋಡಿ ಕ್ರಿಕೆಟ್ ಆಡಿಸಿ ನೋಡಿ. ತಂಡಕ್ಕೆ ಎಂಟು ಮಂದಿ, ನಾಲ್ಕು ಜೋಡಿ, ಪ್ರತಿ ಜೋಡಿಗೂ ನಾಲ್ಕು ಓವರ್. ಔಟಾದರೆ ಹೊರಗೆ ಹೋಗುವುದಿಲ್ಲ, ತಂಡದ ಮೊತ್ತದಿಂದ 5 ರನ್ ಕಳೆಯುತ್ತಾರೆ. ಎಂಟೂ ಮಂದಿ ತಲಾ ಎರಡು ಓವರ್ ಎಸೆಯುತ್ತಾರೆ. ಹದಿನಾರು ಓವರ್‌ಗೆ ಲೆಕ್ಕ ಸರಿಹೋಗುತ್ತದೆ, ಎಲ್ಲರೂ ಎಲ್ಲವನ್ನೂ ಮಾಡಿರುತ್ತಾರೆ.

ಆಟದಾಚೆಗಿನ ಚಟುವಟಿಕೆಗೆ ಬಂದರೆ, ಬಾಲಕರ ಶಾಲೆಗೆ ಒಂದು ವಿಶೇಷ ಅನುಕೂಲವಿದೆ. ಬೇರೆ ಶಾಲೆಗಳಲ್ಲಿ ರಂಗೋಲಿ ಬಿಡಿಸುವುದು, ಪ್ರಾರ್ಥನೆ ಹಾಡುವುದು, ಅತಿಥಿಗಳಿಗೆ ತಟ್ಟೆ ಹಿಡಿಯುವುದು ಹುಡುಗಿಯರ ಪಾಲಿಗೆ ಬಿದ್ದಿರುತ್ತದೆ. ಇಲ್ಲಿ ಅದೆಲ್ಲ ಹುಡುಗರದೇ ಕೆಲಸ. ಚುಕ್ಕಿ ಇಟ್ಟು ರಂಗೋಲಿ ಹಾಕುವವನೂ ಹುಡುಗ, ಉಪ್ಪಿಟ್ಟಿನ ಕೊಳದಪ್ಪಲೆ ತೊಳೆಯುವವನೂ ಹುಡುಗ. ಈ ಕೆಲಸಗಳನ್ನು ಶಿಕ್ಷೆಯಾಗಿ ಹಚ್ಚದೆ ಹೌಸ್ ಸರದಿಯಲ್ಲಿ ಹಚ್ಚಿ, ಇದಕ್ಕೂ ಅಂಕ ಕೊಡಬೇಕು. ಪ್ರತಿಭಾ ಕಾರಂಜಿಗೆ ಹೋಗುವ ಜನಪದ ಗೀತೆ, ಕೋಲಾಟ, ಮಣ್ಣಿನ ಮಾದರಿಗಳನ್ನು ಮೊದಲು ಹೌಸ್‌ಗಳ ನಡುವೆ ನಡೆಸಿ. ನಾಟಕವಂತೂ ಬೇಕೇ ಬೇಕು. ಸಾಣೇಹಳ್ಳಿಯ ರಂಗಶಾಲೆ, ಶಿವಸಂಚಾರ ನಾಟಕ ತಂಡದ ತಿರುಗಾಟ ಇರುವ ಜಿಲ್ಲೆ ನಮ್ಮದು. ಇಪ್ಪತ್ತೈದು ನಿಮಿಷ ಮೀರದ ನಾಟಕ, ರಂಗದ ಹಿಂದಿನವರೂ ಸೇರಿ ಇಪ್ಪತ್ತು ಹುಡುಗರು. ಸ್ತ್ರೀಪಾತ್ರವನ್ನು ನಗಿಸುವುದಕ್ಕೆಂದು ಮಾಡಿಸಬೇಡಿ, ಎಲ್ಲರಿಗಿಂತ ಚೆನ್ನಾಗಿ ನಟಿಸುವವನಿಗೆ ಕೊಡಿ. ನಮ್ಮ ಕಂಪನಿ ನಾಟಕಗಳಲ್ಲಿ ಗಂಡಸರು ಸ್ತ್ರೀಪಾತ್ರವನ್ನು ಘನತೆಯಿಂದ ಮಾಡಿ ಹೆಸರಾದ ಪರಂಪರೆಯೇ ಇದೆ.

ಕ್ರೀಡಾಕೂಟದ ದಿನ ನೀರಿನ ಡ್ರಮ್ ಆರಂಭದ ಗೆರೆಯ ಹತ್ತಿರ ಒಂದು, ಅಂತಿಮ ಗೆರೆಯ ಹತ್ತಿರ ಒಂದು ಇರಲಿ. ಸುಸ್ತಾದವನಿಗೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚ ಮಟ್ಟಸವಾಗಿ, ಗೋಪುರವಾಗಿ ಅಲ್ಲ. ಕಾಲು ಉಳುಕಿದರೆ ತಕ್ಷಣ ಎಣ್ಣೆ ಹಚ್ಚಿ ತಿಕ್ಕುವುದು, ಎಳೆದು ನೆಟಿಗೆ ತೆಗೆಯುವುದು ಇನ್ನೂ ನಡೆದಿದೆ. ಒಳಗೆ ರಕ್ತ ಒಸರುತ್ತಿರುವಾಗ ತಿಕ್ಕಿದರೆ ಊತ ಹೆಚ್ಚುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ, ಕಾಲು ಎತ್ತರದಲ್ಲಿ, ಹೆಜ್ಜೆ ಊರಲಾಗದಿದ್ದರೆ ಆಸ್ಪತ್ರೆಗೆ. ಊಟಕ್ಕೆ ಒಗ್ಗರಣೆ ಮಂಡಕ್ಕಿ ತಲೆಗೆ 40 ಗ್ರಾಂ ಲೆಕ್ಕ ಹಿಡಿದರೆ 300 ಹುಡುಗರಿಗೆ 12 ಕೆ.ಜಿ. ಒಟ್ಟಿಗೆ ಕಲಸಿಟ್ಟರೆ ಮೆತ್ತಗಾಗುತ್ತದೆ, ಪಂಕ್ತಿ ಪಂಕ್ತಿಗೆ ಕಲಸಬೇಕು. ಮೆಣಸಿನಕಾಯಿ ಬೋಂಡ ಓಟಗಳೆಲ್ಲ ಮುಗಿದ ಮೇಲೆ. ಪಂಕ್ತಿಯಲ್ಲಿ ನಾಲ್ಕೂ ಹೌಸ್‌ನವರು ಬೆರೆತು ಕೂರಲಿ. ಬೆಳಿಗ್ಗೆಯಿಂದ ಎದುರಾಳಿಗಳಾಗಿದ್ದವರು ಒಬ್ಬರಿಗೊಬ್ಬರು ಬಡಿಸಲಿ.

ಇಷ್ಟೆಲ್ಲ ನಡೆದ ಶಾಲೆಯ ವಾರ್ಷಿಕ ವರದಿಯಲ್ಲಿ ಒಂದು ಪುಟ ಹೀಗಿರಬೇಕು: ಒಟ್ಟು ಹುಡುಗರು ಎಷ್ಟು, ಮಟ್ಟ ದಾಟಿದವರು ಎಷ್ಟು, ಒಂದಾದರೂ ಚಟುವಟಿಕೆಯಲ್ಲಿ ಇದ್ದವರು ಎಷ್ಟು, ತೀರ್ಪುಗಾರರಾಗಿ ನಿಂತ ಹುಡುಗರ ಹೆಸರು, ಮೈದಾನ ಸಿದ್ಧ ಮಾಡಿದ ಹುಡುಗರ ಹೆಸರು. ಆ ಪುಟವನ್ನು ವೇದಿಕೆಯ ಮೇಲಿನಿಂದ ಓದಬೇಕು. ಅತಿಥಿಗಳ ಸನ್ಮಾನಕ್ಕೆ ಮುಂಚೆಯೇ ಓದಬೇಕು, ಯಾಕೆಂದರೆ ಸನ್ಮಾನ ಮುಗಿಯುವ ಹೊತ್ತಿಗೆ ಹಳ್ಳಿಯ ಕೊನೆಯ ಬಸ್ಸಿಗೆ ಪೋಷಕರು ಎದ್ದು ಹೋಗಿರುತ್ತಾರೆ. ನಿಮ್ಮ ಪತ್ರಿಕೆ ಅಂಥ ವರದಿ ಕಳಿಸಿದ ಶಾಲೆಗಳ ತಂಡದ ಅಷ್ಟೂ ಹೆಸರುಗಳನ್ನು ಅಚ್ಚು ಮಾಡಿದರೆ ಆ ತುಣುಕು ಎಷ್ಟೋ ಮನೆಗಳಲ್ಲಿ ಜೋಪಾನವಾಗಿ ಉಳಿಯುತ್ತದೆ. ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮ ವಿನಂತಿ: ಮತ್ತೊಂದು ದೊಡ್ಡ ಕಪ್ ಕೊಡುವ ಬದಲು 50 ಮೀಟರ್ ಉಕ್ಕಿನ ಟೇಪು, ಎರಡು ಸ್ಟಾಪ್‌ವಾಚ್, ಒಂದು ತೂಕದ ಯಂತ್ರ, ಜಿಗಿತದ ಗುಂಡಿಗೆ ಒಂದು ಲೋಡ್ ತೊಳೆದ ಮರಳು ಕೊಡಿ.

ಮಾರ್ಚ್‌ನಲ್ಲಿ ಪರೀಕ್ಷೆ ಬರುವುದರೊಳಗೆ ಇನ್ನೊಂದು ಕೆಲಸ ಇದೆ. ಹಗ್ಗವನ್ನು ಬಿಸಿಲಿಗೆ ಒಣಗಿಸಿ, ಸುರುಳಿ ಸುತ್ತಿ, ನೆಲಕ್ಕೆ ತಾಗದಂತೆ ತೂಗುಹಾಕಬೇಕು. ಚೆಂಡುಗಳ ಗಾಳಿ ಅರ್ಧ ಇಳಿಸಬೇಕು. ಗುಂಡಿಯ ಮರಳಿಗೆ ತಾಡಪಾಲು ಹೊದಿಸಿ ಅಂಚಿಗೆ ಕಲ್ಲು ಹೇರಬೇಕು, ಇಲ್ಲದಿದ್ದರೆ ರಜೆಯಲ್ಲಿ ನಾಯಿ ಬೆಕ್ಕು ಗಲೀಜು ಮಾಡುತ್ತವೆ, ಮರಳು ಕಟ್ಟಡ ಕೆಲಸಕ್ಕೂ ಹೋಗಿಬಿಡುತ್ತದೆ. ಟ್ರ್ಯಾಕಿನ ನಾಲ್ಕು ಮೂಲೆಯ ಗೂಟಗಳನ್ನು ಕೀಳದೆ ನೆಲಮಟ್ಟಕ್ಕೆ ಬಡಿದು, ಅಳತೆಗಳನ್ನು ಒಂದು ಪುಸ್ತಕದಲ್ಲಿ ಬರೆದು ಮುಖ್ಯ ಶಿಕ್ಷಕರ ಬೀರುವಿನಲ್ಲಿಡಿ. ದೈಹಿಕ ಶಿಕ್ಷಕರು ವರ್ಗವಾಗಿ ಹೋದರೂ ಮುಂದಿನ ಜೂನ್‌ನಲ್ಲಿ ಹುಡುಗರೇ ಆ ಪುಸ್ತಕ ತೆರೆದು ಗೆರೆ ಎಳೆಯಬಹುದು.

ಇಂತಿ,
ದೈಹಿಕ ಶಿಕ್ಷಣ ಶಿಕ್ಷಕರು
ಚಿತ್ರದುರ್ಗ